ಹಾರ್ಮೋನು ಮೇಷ್ಟ್ರ ಯೀಸ್ಟು

ಪ್ರಯೋಗ ಮಾಡುವವರು ನಾವು ಎಂದುಕೊಂಡಿರುತ್ತೇವೆ. ನಮ್ಮ ಮೇಲೆ ಪ್ರಯೋಗ ಮಾಡಲು ಊರೇ ಸಾಲುಗಟ್ಟಿ ನಿಂತಿರುತ್ತದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ, ಚಳ್ಳಕೆರೆಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತ ಪಿಎಚ್‌ಡಿಗೆ ಒದ್ದಾಡುತ್ತಿದ್ದ ನನಗೆ ವಾರಕ್ಕೊಂದಾದರೂ ಇಂಥದ್ದು ಗಂಟು ಬೀಳುತ್ತಿತ್ತು.

ಹೆಣ್ಣು ನೋಡಿದ್ದು

ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರಿಯೊಬ್ಬರ ಮಗಳನ್ನು ನೋಡಲು ಹೋಗಿದ್ದೆವು. ಹುಡುಗಿ ನನಗೆ ಒಂದೇ ನೋಟಕ್ಕೆ ಹಿಡಿಸಿದಳು. ಅವರಪ್ಪ, "ಏನು ಓದ್ತಿದ್ದೀರಿ?" ಎಂದರು. ಕೇಳಿದ್ದೇ ತಡ, ಪಾಠ ಶುರು ಮಾಡಿದೆ. ಗಿಡಕ್ಕೂ ಹಾರ್ಮೋನು ಇರುತ್ತದೆ, ಅದು 'ಚಿಗುರು' ಎಂದರೆ ಗಿಡ ಚಿಗುರುತ್ತದೆ. ಆ ಮಾತು ಕೇಳಿಸಿಕೊಳ್ಳುವ ಗಿಡದ ಜೀನನ್ನು ಯೀಸ್ಟಿನೊಳಗೆ ಸೇರಿಸಿದ್ದೇವೆ. ಈಗ ಹಾರ್ಮೋನು ಕೊಟ್ಟರೆ ಮಾತ್ರ ಯೀಸ್ಟು ಬೆಳೆಯುತ್ತದೆ. ಹಾರ್ಮೋನು ಎಂದಾಗಲೇ ಒಳಗಿದ್ದ ಹೆಂಗಸರು ಪರದೆ ಎಳೆದುಕೊಂಡಿದ್ದರು.

"ಯೀಸ್ಟು ಅಂದ್ರೆ?"

"ಬ್ರೆಡ್ಡಿಗೆ ಹಾಕ್ತಾರಲ್ರೀ. ಹೆಂಡದಾಗೂ ಇರತ್ತೆ."

ನಮ್ಮವ್ವ ನನ್ನ ಕಾಲು ತುಳಿದಳು. ಹುಡುಗಿಯ ಅಪ್ಪ ಕೊರಳಿನ ಲಿಂಗದ ಕರಡಿಗೆ ಮುಟ್ಟಿಕೊಂಡು ಯೋಚಿಸಿದರು.

"ಬರೀ ಹೆಂಡ ಅಂದ್ರೆ ನೆಂಟ್ರು ಒಪ್ಪಲ್ಲ. ಡಾಕ್ಟ್ರು ಅಂತಾದ ಮೇಲೆ ಬರ್ರಿ. ಡಾಕ್ಟ್ರು ಏನು ಮಾಡಿದ್ರೂ ನಡಿತೈತೆ."

ಫ್ಲಾಸ್ಕು

ಪಿಎಚ್‌ಡಿ ಆಗದೆ ಮದುವೆಯಿಲ್ಲ ಎಂದಾಯಿತು. ಮರುವಾರವೇ ಗೈಡ್ ಹತ್ತಿರ ಹೋಗಿ ಹೊಸ ಯೀಸ್ಟನ್ನು ಥರ್ಮಾಸ್ ಫ್ಲಾಸ್ಕಿನಲ್ಲಿ ಐಸಿನ ಮೇಲಿಟ್ಟು ಬಸ್ಸಿನಲ್ಲಿ ತಂದೆ. ಪಕ್ಕದಲ್ಲಿದ್ದ ಅಜ್ಜಿ ಮೊಮ್ಮಗುವಿಗೆ ಒಂದು ಗುಟುಕು ಹಾಲು ಕೇಳಿತು.

"ಹಾಲಲ್ಲ ಅಜ್ಜಿ, ಇದರಾಗೆ ಜೀವ ಐತೆ," ಎಂದೆ. ಅದು ಕಂಡಕ್ಟರ್ ಕಿವಿಗೆ ಬಿತ್ತು.

"ಕೋಳಿಗೇ ಟಿಕೆಟ್ ತಗಂತೀವಿ. ಎಷ್ಟವೆ ಒಳಗೆ?"

"ಒಂದು ಕೋಟಿ ಮೇಲೇ ಇರಬೌದು."

ಆತ ನನ್ನ ಮುಖವನ್ನೇ ನೋಡಿದ. ಟಿಕೆಟ್ ವಿಷಯ ಬಿಟ್ಟು ಅಜ್ಜಿಯ ಕಡೆ ತಿರುಗಿ ಮೆಲ್ಲಗೆ ಹೇಳಿದ, "ಅವ್ವಾ, ನೀನು ಮಗ ಎತ್ಕಂಡು ಮುಂದಿನ ಸೀಟಿಗೆ ಬಾ."

ಆಯುಧಪೂಜೆ

ಲ್ಯಾಬಿನಲ್ಲಿ ಯೀಸ್ಟು ಹರಡಿದ ಗಾಜಿನ ತಟ್ಟೆಗಳಲ್ಲಿ ಅರ್ಧಕ್ಕೆ ಹಾರ್ಮೋನು ಹಾಕಿ, ಅರ್ಧಕ್ಕೆ ಹಾಕದೆ ದಸರಾ ರಜೆಗೆ ಹೋಗಿದ್ದೆ. ಬಂದು ನೋಡಿದರೆ ಹಾರ್ಮೋನಿಲ್ಲದ ತಟ್ಟೆಗಳಲ್ಲೂ ಯೀಸ್ಟು ಚುಕ್ಕಿ ಚುಕ್ಕಿಯಾಗಿ ಬೆಳೆದು ಕೂತಿದೆ. ಗೈಡ್ ಫೋನಿನಲ್ಲಿ, "ನಿನ್ನ ಯೀಸ್ಟು ಕೆಟ್ಟಿದೆ, ಮೊದಲಿಂದ ಶುರು ಮಾಡು," ಎಂದರು. ಮೂರು ವರ್ಷದ ಕೆಲಸ ಹೋಯಿತು, ಹುಡುಗಿಯೂ ಬೇರೆಯವರ ಪಾಲಾದಳು ಎಂದು ನಿಜವಾಗಿಯೂ ಅತ್ತುಬಿಟ್ಟೆ.

ನಿವೃತ್ತಿಗೆ ಹತ್ತಿರವಾಗಿದ್ದ ನಮ್ಮ ಅಟೆಂಡರು ಬಂದು ಸಮಾಧಾನ ಹೇಳಿದರು. "ಯಾಕ್ ಸಾ ಅಳ್ತೀರಿ, ಚೆನ್ನಾಗೇ ಬೆಳದಾವಲ್ಲ. ಪೂಜೆ ದಿನ ಮೈಕ್ರೋಸ್ಕೋಪಿಗೆ, ಫ್ರಿಜ್ಜಿಗೆ ಕಾಯಿ ಒಡೆದು ನೀರು ಚಿಮುಕಿಸಿದೆ. ನಿಮ್ಮ ತಟ್ಟೆ ಅರ್ಧ ಸೊರಗಿದ್ವು. ಪಾಪ ಅಂತ ಮುಚ್ಚಳ ತೆಗೆದು ಅವಕ್ಕೂ ಚಿಮುಕಿಸಿದೆ."

ಯೀಸ್ಟು ಕೆಟ್ಟಿರಲಿಲ್ಲ. ಕಾಯಿನೀರಿನಲ್ಲಿದ್ದ ಹಾರ್ಮೋನನ್ನು ಗುರುತು ಹಿಡಿದಿತ್ತು. ತೆಂಗಿನ ನೀರಿನಲ್ಲಿ ಆ ಹಾರ್ಮೋನು ಇದೆ ಎಂದು ಬರೆಯದ ಹುಡುಗರಿಗೆ ನಾನು ಪ್ರತಿವರ್ಷ ಎರಡು ಮಾರ್ಕ್ಸ್ ಕಳೆಯುತ್ತಿದ್ದೆ.

ಪರೀಕ್ಷಕರು

ಕಾಯಿನೀರನ್ನು ಸೋಸಿ ಹಾಕಿ ಮತ್ತೆ ಮತ್ತೆ ಪರೀಕ್ಷಿಸಿದೆ. ಪ್ರತಿಸಲವೂ ಯೀಸ್ಟು ಬೆಳೆಯಿತು, ಪ್ರಬಂಧಕ್ಕೆ ಒಂದು ಅಧ್ಯಾಯವೇ ಸಿಕ್ಕಿತು. ಮೌಖಿಕ ಪರೀಕ್ಷೆಗೆ ಬಂದ ಪರೀಕ್ಷಕರು ಲ್ಯಾಬು ನೋಡಬೇಕೆಂದು ನಮ್ಮ ಕಾಲೇಜಿಗೇ ಬಂದರು.

"ಕಾಯಿನೀರು ಹಾಕುವ ಯೋಚನೆ ಹೇಗೆ ಹೊಳೆಯಿತು?" ಎಂದು ಕೇಳಿದರು.

ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಟೀ ತಂದ ಅಟೆಂಡರು ಹೇಳಿದರು, "ನಾನೇ ಸಾ ಹಾಕಿದ್ದು. ಬೂದುಗುಂಬಳಕಾಯಿ ಒಡೆದು ಅದರ ನೀರೂ ಹಾಕಿದ್ದೆ, ಅದನ್ನ ಇವರು ಬರೆದೇ ಇಲ್ಲ."

ಪರೀಕ್ಷಕರು ಕಪ್ಪು ಕೆಳಗಿಟ್ಟರು. "ಹಾಗಾದರೆ ಅದನ್ನೂ ಪರೀಕ್ಷೆ ಮಾಡಿ ಒಂದು ಪುಟ ಸೇರಿಸಿ. ಆಮೇಲೆ ಸಹಿ ಹಾಕುತ್ತೇನೆ."

ಸಂಜೆ ಎದೆ ಗಟ್ಟಿಮಾಡಿಕೊಂಡು ಮೊಳಕಾಲ್ಮೂರಿಗೆ ಫೋನು ಮಾಡಿದೆ. ಹುಡುಗಿಯ ಅಪ್ಪನೇ ಎತ್ತಿದರು.

"ಡಾಕ್ಟ್ರಾದ್ರಾ?"

"ಆದಂಗೇ ರೀ. ಒಂದು ಕುಂಬಳಕಾಯಿ ಬಾಕಿ ಐತೆ."

ಅವರು ಫೋನು ಪಕ್ಕಕ್ಕಿಟ್ಟು, 'ಕುಂಬಳಕಾಯಿ ಬಾಕಿ ಐತಂತೆ' ಎಂದು ಒಳಗೆ ಯಾರಿಗೋ ಹೇಳಿದ್ದು ಕೇಳಿಸಿತು. ಸಂಬಂಧ ತಪ್ಪಿತು ಎಂದೇ ತಿಳಿದೆ. ಅವರು ಮತ್ತೆ ಫೋನು ಕೈಗೆತ್ತಿಕೊಂಡರು.

"ಅಯ್ಯೋ ದೇವುಡಾ. ಆಗ್ಲಿ ಬಿಡ್ರಿ, ಲಗ್ನದ ಅಡಿಗೆಗೆ ಹೆಂಗೂ ಗಾಡಿ ತುಂಬ ತರಿಸ್ತೀನಿ. ನಿಮ್ಮ ಪರೀಕ್ಷೆಗೆ ಒಂದು ತೆಗೆದಿಡಾಕೆ ಭಟ್ರಿಗೆ ಹೇಳ್ತೀನಿ."