ಸಿದ್ದಾರೂಢನ ಪೆಟ್ಟಿಗೆಗೆ ಮೊದಲ ಗಿರಾಕಿ

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ಬೆಡ್‌ಶೀಟು. ಧೂಳು ಹಿಡಿದಿದೆ, ಒಗೆದುಬಿಡೋಣ ಎಂದು ದಾನಮ್ಮ ಬೆಳಿಗ್ಗೆ ಅದನ್ನು ಪೆಟ್ಟಿಗೆಯ ಮೇಲಿಂದ ಎಳೆದುಕೊಂಡು ಹೋದಳು. ಆಕೆ ಬಕೆಟ್ಟಿಗೆ ನೀರು ಬಿಡುವಷ್ಟರಲ್ಲಿ ಮನೆ ಓನರ್ ಚಲುವರಾಜು ಹಾಲು ತರಲು ಮಹಡಿಯಿಂದ ಇಳಿದು ಬಂದರು.

ಬಿಟಿಎಂ ಲೇಔಟಿನ ಆ ಮನೆಯಲ್ಲಿ ಕಾರು ನಿಲ್ಲಿಸುವ ಜಾಗದ ಹಿಂದೆ ಇದ್ದ ಒಂದೂವರೆ ಕೋಣೆಯಲ್ಲಿ ಸಿದ್ದಾರೂಢ, ದಾನಮ್ಮ ಬಾಡಿಗೆಗಿದ್ದರು. ಗದಗದ ಕಡೆಯವರು. ಸಿದ್ದಾರೂಢ ಜಯನಗರದ ಐಸ್ ಕ್ರೀಂ ಅಂಗಡಿಗಳ ಫ್ರೀಜರುಗಳನ್ನು ಎಂಟು ವರ್ಷ ರಿಪೇರಿ ಮಾಡಿದ್ದ. ಜೀವನವೆಲ್ಲ ಕಂಡವರ ಫ್ರೀಜರಿಗೆ ಗ್ಯಾಸು ತುಂಬುತ್ತ ಕೂತರೆ ಉದ್ಧಾರವಾದ ಹಾಗೇ ಎಂದು ಹೆಂಡತಿಯ ಬಳೆ ಮಾರಿ ಸ್ವಂತಕ್ಕೊಂದು ಪೆಟ್ಟಿಗೆ ತಂದಿದ್ದ. ಆರೂವರೆ ಅಡಿ ಉದ್ದ, ಸ್ಟೀಲಿನ ಮೈ, ಗಾಜಿನ ಮುಚ್ಚಳ, ಕಾಲ ಬುಡದಲ್ಲಿ ಕಂಪ್ರೆಸರು, ಅಡಿಯಲ್ಲಿ ನಾಲ್ಕು ಚಕ್ರ. ದೂರದೂರಿನ ನೆಂಟರು ಬಂದು ಮುಖ ನೋಡುವ ತನಕ ಹೆಣ ಕೆಡದಂತೆ ಇಡುವ ಪೆಟ್ಟಿಗೆ ಅದು. ಬಾಡಿಗೆಗೆ ಕೊಡುವುದು, ಸಂಸಾರ ನಡೆಸುವುದು ಎಂಬುದು ಅವನ ಲೆಕ್ಕ. ಅದೊಂದು ಕೈಬಿಟ್ಟರೆ ಅವನಿಗೆ ಉಳಿಯುವುದು ಸ್ಕ್ರೂಡ್ರೈವರ್ ಮಾತ್ರ. ಸಾಯುವವರಿಗೆ ಬೆಂಗಳೂರಿನಲ್ಲಿ ಬರವೇನೂ ಇರಲಿಲ್ಲ. ಆದರೂ ಮೂರು ವಾರದಿಂದ ಅವನ ಮೊಬೈಲಿಗೆ ಒಂದು ಕರೆಯೂ ಬಂದಿರಲಿಲ್ಲ. ಬರುವ ಕರೆಗೆ ದುಡ್ಡು ಹೋಗುವುದು ನಿಂತು ಇಡೀ ಊರೇ ಹರಟೆ ಹೊಡೆಯುತ್ತಿದ್ದ ವರ್ಷ ಅದು.

ಪೆಟ್ಟಿಗೆಯನ್ನು ಕಾರಿನ ಪಕ್ಕ ನಿಲ್ಲಿಸಿ, ಓನರಿಗೆ ಮಾತ್ರ ಅವನು ಇದು ಐಸ್ ಕ್ರೀಂ ಫ್ರೀಜರು ಎಂದು ಹೇಳಿದ್ದ. ಈಗ ಗಾಜಿನ ಮೇಲಿನ ಕೆಂಪು ಅಕ್ಷರಗಳನ್ನು ಚಲುವರಾಜು ಕನ್ನಡಕ ಏರಿಸಿಕೊಂಡು ಓದಿದರು. ‘ಅಂತಿಮ ದರ್ಶನ ಫ್ರೀಜರ್ ಬಾಕ್ಸ್, ಇಪ್ಪತ್ನಾಲ್ಕು ಗಂಟೆ ಸೇವೆ.’

“ಏನ್ರೀ ಸಿದ್ದಾರೂಢ, ಐಸ್ ಕ್ರೀಂ ಅಂದಿದ್ರಲ್ರೀ!”

“ಸರ, ಹೊಸಾದ್ ಐತ್ರಿ. ಇನ್ನೂ ಯಾರನ್ನೂ ಮಲಗಿಸಿಲ್ರಿ.”

“ಯಾರನ್ನ ಮಲಗಿಸೋಕೆ ಕಾಯ್ತಿದೀರಾ? ನನ್ನನ್ನಾ?”

ದನಿ ಕೇಳಿ ಎದುರುಮನೆಯ ವಸಿಷ್ಠ ಟವೆಲಿನಲ್ಲೇ ಓಡಿ ಬಂದರು. ಯಾವುದೋ ಫ್ಯಾಕ್ಟರಿಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ನಿವೃತ್ತಿಯ ನಂತರ ಇಡೀ ಬೀದಿಯೇ ಅವರ ಫ್ಯಾಕ್ಟರಿಯಾಗಿತ್ತು.

“ನಂಗೆ ಆವತ್ತೇ ಡೌಟ್ ಬಂತು. ಐಸ್ ಕ್ರೀಂ ಇಡೋಕೆ ಅಷ್ಟುದ್ದ ಯಾಕ್ರೀ ಬೇಕು?” ಎಂದರು.

ಸಂಜೆಯೊಳಗೆ ಪೆಟ್ಟಿಗೆ ಹೋಗಬೇಕು, ಇಲ್ಲವೇ ಸಿದ್ದಾರೂಢ ಮನೆ ಖಾಲಿ ಮಾಡಬೇಕು ಎಂದು ತೀರ್ಮಾನವಾಯಿತು. ಅವನು ಕತ್ರಿಗುಪ್ಪೆಯ ಗೆಳೆಯನಿಗೆ ಫೋನು ಮಾಡಿದ. ಗೆಳೆಯ ಒಪ್ಪಿದ್ದನ್ನು ಗೆಳೆಯನ ಹೆಂಡತಿ ಒಪ್ಪಲಿಲ್ಲ. ಬಿಳೇಕಹಳ್ಳಿಯ ಶೆಡ್ಡಿನವನು “ಅದಾ? ಬೇಡ ಗುರು” ಎಂದು ಲೈನ್ ಕಟ್ ಮಾಡಿದ. ಅಷ್ಟು ಹೊತ್ತು ಕಾಯುವ ತಾಳ್ಮೆ ಚಲುವರಾಜುಗೆ ಇರಲಿಲ್ಲ. ಪಂಚೆ ಎತ್ತಿ ಕಟ್ಟಿ ತಾವೇ ಪೆಟ್ಟಿಗೆಗೆ ಎರಡೂ ಕೈ ಕೊಟ್ಟು ಗೇಟಿನ ಕಡೆ ನೂಕಿದರು. ಚಕ್ರಕ್ಕೆ ಬ್ರೇಕ್ ಹಾಕಿತ್ತು. “ಸರ, ಬ್ರೇಕು!” ಎಂದು ಸಿದ್ದಾರೂಢ ಕೂಗುತ್ತಿರುವಾಗಲೇ ಅವರು ಉಸಿರು ಕಟ್ಟಿ ಇನ್ನೊಮ್ಮೆ ನೂಕಿದರು. ಆಮೇಲೆ ಎದೆ ಹಿಡಿದುಕೊಂಡು ಅಲ್ಲೇ ಕೂತರು. ಕೂತವರು ಮತ್ತೆ ಏಳಲಿಲ್ಲ.

ಮೂಲೆಯ ಕ್ಲಿನಿಕ್ಕಿನ ಡಾಕ್ಟರು ಬಂದು ನಾಡಿ ಹಿಡಿದು, ತಲೆಯಾಡಿಸಿ ಹೋದರು. ಸಿದ್ದಾರೂಢ ಗೋಡೆಗೆ ಒರಗಿ ಅತ್ತ. ಬೈಗುಳ ಎಷ್ಟೇ ಇರಲಿ, ದಾನಮ್ಮನಿಗೆ ಟೈಫಾಯ್ಡ್ ಆದಾಗ ಆಸ್ಪತ್ರೆಗೆ ಕಾರಿನಲ್ಲಿ ಕರೆದುಕೊಂಡು ಹೋದ ಮನುಷ್ಯ ಅವರು. ಬ್ರೇಕಿನ ವಿಷಯ ಒಂದು ಗಳಿಗೆ ಮುಂಚೆ ಹೇಳಬೇಕಿತ್ತು ಎಂದು ದಾನಮ್ಮನ ಮುಂದೆ ಮತ್ತೆ ಮತ್ತೆ ಹಲುಬಿದ.

ಮಂಗಳೂರಿನಲ್ಲಿದ್ದ ಮಗಳು ಮಧುಮತಿ ಬಸ್ಸು ಹತ್ತಿದ್ದಳು. “ನಾನ್ ಬಂದು ಅಪ್ಪನ ಮುಖ ನೋಡೋವರ್ಗೂ ಎತ್ತಬೇಡಿ” ಎಂದು ಫೋನಿನಲ್ಲಿ ಅತ್ತಿದ್ದಳು. ಅವಳು ಬರುವಾಗ ಸಂಜೆಯಾಗುತ್ತದೆ. ಹೊರಗೆ ಏಪ್ರಿಲ್ ಬಿಸಿಲು. ನೆರೆದವರೆಲ್ಲ ಮೊದಲು ಹೆಣವನ್ನು ನೋಡಿದರು, ಆಮೇಲೆ ಸೂರ್ಯನನ್ನು ನೋಡಿದರು, ಕೊನೆಗೆ ಎಲ್ಲರ ಕಣ್ಣೂ ಬಂದು ನಿಂತದ್ದು ಪೆಟ್ಟಿಗೆಯ ಮೇಲೆ.

ಚಲುವರಾಜು ಅವರ ಹೆಂಡತಿ ರುದ್ರಮ್ಮನವರೇ ಬಾಯಿ ಬಿಟ್ಟರು. “ಸಿದ್ದಾರೂಢ, ಅದು ಸರಿಯಾಗಿ ಕೆಲಸ ಮಾಡತ್ತೇನಪ್ಪಾ?”

“ಮಾಡತೈತ್ರಿ ಅಮ್ಮಾರ. ಬಾಡಿಗಿ ಏನೂ ಬ್ಯಾಡ್ರಿ.”

ಅಲ್ಲಿಂದ ಮುಂದೆ ಕೆಲಸವೆಲ್ಲ ವಸಿಷ್ಠರ ಉಸ್ತುವಾರಿಗೆ ಹೋಯಿತು. ಹಿರಿಯರು ಸೇರಿ ದೇಹಕ್ಕೆ ಸ್ನಾನ ಮಾಡಿಸಿ, ನೀರಿನಲ್ಲಿ ಅದ್ದಿದ ಹೊಸ ಪಂಚೆ ಹೊದಿಸಿ ತಂದರು. ತೊಟತೊಟನೆ ನೀರು ಸೋರುತ್ತಿತ್ತು.

“ಸರ, ಒರೆಸ್ರಿ. ಒಳಗ ನೀರು ಇರಬಾರದ್ರಿ,” ಎಂದ ಸಿದ್ದಾರೂಢ.

“ಸ್ನಾನ ಆದ್ಮೇಲೆ ಒರೆಸೋ ಪದ್ಧತಿ ಇವರಲ್ಲಿ ಇಲ್ವಂತೆ ಕಣ್ರೀ. ಸುಮ್ನೆ ಪ್ಲಗ್ ಹಾಕಿ,” ಎಂದರು ವಸಿಷ್ಠ.

ಅವನು ಪ್ಲಗ್ಗು ಹಾಕಿ, ತಾಪವನ್ನು ನಾಲ್ಕು ಡಿಗ್ರಿಗೆ ಇಟ್ಟ. ಮಾರಿದ ಕಂಪೆನಿಯವರು ಹೇಳಿಕೊಟ್ಟದ್ದು ಅಷ್ಟೇ. ಆದರೆ ಬಂದವರು ಒಬ್ಬರೂ ಗಾಜಿನ ಮೇಲಿಂದ ನೋಡಿ ಹೋಗುವವರಲ್ಲ. ಮುಚ್ಚಳ ಎತ್ತಬೇಕು, ಹಾರ ಹಾಕಬೇಕು, ಪನ್ನೀರು ಚಿಮುಕಿಸಬೇಕು, ಪಾದ ಮುಟ್ಟಬೇಕು. ಪ್ರತಿ ಸಲವೂ ಹೊರಗಿನ ಬಿಸಿಗಾಳಿ ಒಳಗೆ ನುಗ್ಗುತ್ತಿತ್ತು. ವಸಿಷ್ಠರ ಹೆಂಡತಿ ನಾಲ್ಕು ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಬಂದು, “ಕಾಫಿಗೆ ಬೇಕು, ಒಡೆದು ಹೋಗತ್ತೆ, ಕಾಲ ಹತ್ರ ಒಂಚೂರು ಜಾಗ ಇದ್ಯಲ್ಲಾ?” ಎಂದು ಕೇಳಿದರು. ದಾನಮ್ಮ ಅವರನ್ನು ಕೈ ಹಿಡಿದು ಆಚೆ ಕರೆದುಕೊಂಡು ಹೋದಳು.

ಮಧ್ಯಾಹ್ನ ವಸಿಷ್ಠರು ಪಾದ ಮುಟ್ಟಿ ನೋಡಿದರು. “ತಣ್ಣಗೇ ಇಲ್ವಲ್ರೀ! ಎಷ್ಟಿಟ್ಟಿದೀರಾ? ನಾಲ್ಕಾ? ಈ ಬಿಸಿಲಿಗೆ ನಾಲ್ಕು ಎಲ್ ಸಾಲತ್ತೆ?”

ಸುತ್ತ ನಿಂತವರೆಲ್ಲ ಸಾಲದು ಎಂದರು. ತನ್ನಿಂದ ಚಲುವರಾಜುಗೆ ಇನ್ನೊಂದು ಅನ್ಯಾಯವಾಗುವುದು ಬೇಡ ಎಂದು ಸಿದ್ದಾರೂಢನಿಗೂ ಗಾಬರಿಯಾಯಿತು. ಬಿಸಿಲು ಜಾಸ್ತಿಯಾದರೆ ಎಂಟು ವರ್ಷ ಐಸ್ ಕ್ರೀಂ ಅಂಗಡಿಗಳಲ್ಲಿ ಏನು ಮಾಡುತ್ತಿದ್ದನೋ ಅದನ್ನೇ ಅವನ ಕೈ ತಲೆಯನ್ನು ಕೇಳದೆ ಮಾಡಿಬಿಟ್ಟಿತು. ನಾಬನ್ನು ಕೊನೆಯವರೆಗೂ ತಿರುಗಿಸಿತು. ಸ್ವಲ್ಪ ಹೊತ್ತಿಗೆ ಗಾಜು ಮಂಜು ಹಿಡಿದು ಬೆಳ್ಳಗಾಯಿತು. ವಸಿಷ್ಠರು “ಈಗ ಸಖತ್ತಾಯ್ತು ನೋಡಿ” ಎಂದು ಬೆನ್ನು ತಟ್ಟಿದರು.

ಸಂಜೆ ಮಧುಮತಿ ಬಂದಳು, ಗಾಜು ಒರೆಸಿ ಮುಖ ನೋಡಿ ಗೋಳಾಡಿದಳು. ಹೊತ್ತು ಮುಳುಗುವ ಮುಂಚೆ ಮುಗಿಸಬೇಕು ಎಂದು ಹಿರಿಯರು ಅವಸರ ಮಾಡಿದರು. ಚಟ್ಟ ಸಿದ್ಧವಾಯಿತು. ನಾಲ್ಕು ಜನ ಹೆಗಲು, ಸೊಂಟ, ಕಾಲು ಹಿಡಿದು ಎತ್ತಿದರು. ಚಲುವರಾಜು ಬರಲಿಲ್ಲ. ಇನ್ನೊಮ್ಮೆ ಎತ್ತಿದರು. ಪೆಟ್ಟಿಗೆಯೇ ಚೂರು ಮೇಲೆದ್ದಿತೇ ಹೊರತು ಅವರು ಅಲುಗಲಿಲ್ಲ. ಪಂಚೆಯ ನೀರು, ಪನ್ನೀರು, ಹಾರ ಎಲ್ಲ ಸೇರಿ ಗಟ್ಟಿ ಮಂಜಾಗಿ, ಮನುಷ್ಯನನ್ನು ಪೆಟ್ಟಿಗೆಯ ತಳದ ಸ್ಟೀಲ್ ತಟ್ಟೆಗೆ ಕಚ್ಚಿಸಿಬಿಟ್ಟಿದ್ದವು.

“ಮನೆ ಬಿಟ್ಟು ಹೋಗೋಕೆ ಮನಸ್ಸಿಲ್ಲ ಪಾಪ,” ಎಂದು ಒಬ್ಬ ಮುದುಕಿ ಕಣ್ಣೊರೆಸಿಕೊಂಡಳು.

ಬಿಸಿನೀರು ಹಾಕೋಣ ಎಂದರು ವಸಿಷ್ಠ. “ನಮ್ ಯಜಮಾನ್ರ ಮೇಲೆ ಕುದಿಯೋ ನೀರು ಸುರೀತೀರಾ?” ಎಂದು ರುದ್ರಮ್ಮನವರು ಕಿರುಚಿದರು. ಸ್ವಿಚ್ ಆರಿಸಿ ಕಾಯಲು ಹೊತ್ತಿಲ್ಲ. ಕೊನೆಗೆ ಚಟ್ಟವನ್ನು ಪಕ್ಕಕ್ಕಿಟ್ಟು ಪೆಟ್ಟಿಗೆಯ ಸಮೇತ ಟೆಂಪೋಗೆ ಏರಿಸಿದರು. ಗುಂಡಿ ಬಂದಾಗಲೆಲ್ಲ ಸಿದ್ದಾರೂಢ ಎರಡೂ ಕೈಯಲ್ಲಿ ಕಂಪ್ರೆಸರನ್ನು ತಬ್ಬಿಕೊಂಡ.

ಸ್ಮಶಾನ ನೋಡಿಕೊಳ್ಳುತ್ತಿದ್ದವಳು ಅಂಕಮ್ಮ. ಗಂಡ ಸತ್ತ ಮೇಲೆ ಕೆಲಸ ಅವಳ ಪಾಲಿಗೆ ಬಂದಿತ್ತು. ಅವಳು ಗಾಜಿನೊಳಗೆ ಬಗ್ಗಿ ನೋಡಿದಳು. ಮಧ್ಯಾಹ್ನ ಹೊತ್ತಿಸಿದ್ದ ಬೇರೆ ಯಾರದೋ ಚಿತೆಯ ಕೆಂಡ ಇನ್ನೂ ನಿಗಿನಿಗಿ ಎನ್ನುತ್ತಿತ್ತು. “ಅದರ ಕಾವಿಗೆ ಇಡ್ರಪ್ಪ, ತಾನೇ ಬಿಟ್ಕೊಳತ್ತೆ,” ಎಂದಳು. ಹಾಗೇ ಆಯಿತು. ಚಲುವರಾಜು ನೀರು ಸೋರಿಸುತ್ತ ತಟ್ಟೆಯಿಂದ ಬಿಡಿಸಿಕೊಂಡು ಚಿತೆ ಏರಿದರು. ಮಧುಮತಿಯೇ ಬೆಂಕಿ ಇಟ್ಟಳು. ಸಿದ್ದಾರೂಢ ದೂರದಿಂದಲೇ ಕೈ ಮುಗಿದು, ತಪ್ಪಾಯ್ತು ಸರ ಎಂದು ಮನಸ್ಸಿನಲ್ಲೇ ಹೇಳಿಕೊಂಡ.

ಆಮೇಲೆ ತಟ್ಟೆ ಒರೆಸಿ, ಪೆಟ್ಟಿಗೆಯನ್ನು ಟೆಂಪೋ ಕಡೆ ತಿರುಗಿಸಿದ. ಅಂಕಮ್ಮ ಅಡ್ಡ ಬಂದು ನಿಂತಳು.

“ಎಲ್ಲಿಗಪ್ಪಾ ಅದು?”

“ಮನೀಗ್ರಿ ಅಕ್ಕಾ. ಇದು ನಂದ್ರಿ.”

“ಹೆಣ ಮಲಗಿ ಬಂದ ಚಾಪೆ, ದಿಂಬು, ಬಟ್ಟೆ ಯಾವ್ದೂ ಈ ಗೇಟ್ ದಾಟಿ ವಾಪಸ್ ಹೋಗಲ್ಲ. ಅದು ನಮ್ ಹಕ್ಕು. ನಮ್ಮತ್ತೆ ಕಾಲದಿಂದ ಹಂಗೇ. ಬೇಕಾದ್ರೆ ನಿಮ್ಮ ದೊಡ್ಡೋರನ್ನ ಕೇಳು.”

ಸಿದ್ದಾರೂಢ ವಸಿಷ್ಠರ ಮುಖ ನೋಡಿದ. “ಸರ, ಇದು ಚಾಪಿ ಅಲ್ರಿ, ಮಶೀನು! ಹೇಳ್ರಿ ಸರ!”

ವಸಿಷ್ಠರು ಗಂಟಲು ಸರಿಮಾಡಿಕೊಂಡರು. “ಪದ್ಧತಿ ಅಂದ್ರೆ ಪದ್ಧತಿ ಕಣ್ರೀ. ಹೆಣ ಮಲಗಿದ್ದನ್ನ ಮತ್ತೆ ನಮ್ ಬೀದಿಗೆ ತರೋದು ಚೆನ್ನಾಗಿರಲ್ಲ.”

ಅವನು ಮಧುಮತಿಯ ಕಡೆ ತಿರುಗಿದ. ಅವಳು ಕೆಂಪಾದ ಕಣ್ಣಲ್ಲಿ ಪೆಟ್ಟಿಗೆಯನ್ನು ನೋಡಿ, “ಅಪ್ಪ ಮಲಗಿದ್ರು ಅದ್ರಲ್ಲಿ. ದಯವಿಟ್ಟು ಬಿಟ್ಬಿಡಿ ಅಂಕಲ್,” ಎಂದಳು. ಅವನು ಬಗ್ಗಿ ಚಕ್ರಕ್ಕೆ ಬ್ರೇಕ್ ಹಾಕಿದ.

ಎಲ್ಲರೂ ನಲ್ಲಿಯಲ್ಲಿ ಕೈಕಾಲು ತೊಳೆದು ಹೊರಟರು. ಸ್ಮಶಾನದಿಂದ ಹೋಗುವಾಗ ಹಿಂತಿರುಗಿ ನೋಡಬಾರದು. ಅವರು ಅಷ್ಟು ನಿಷ್ಠೆಯಿಂದ ಯಾವ ಪದ್ಧತಿಯನ್ನೂ ಪಾಲಿಸಿರಲಿಕ್ಕಿಲ್ಲ. ಸಿದ್ದಾರೂಢ ಕೂಗಿದರೂ ಒಬ್ಬನೂ ತಿರುಗಲಿಲ್ಲ. ಟೆಂಪೋ ಕೂಡ ಹೋಯಿತು.

ಅವನು ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕುಸಿದು ಕೂತ. ಬಳೆ ಇಲ್ಲದ ಕೈಯಲ್ಲಿ ದಾನಮ್ಮ ಬಾಗಿಲು ತೆಗೆಯುತ್ತಾಳೆ, ಅವಳಿಗೆ ಏನು ಹೇಳುವುದು? ಅಂಕಮ್ಮ ಗುಡಿಸಲಿನೊಳಗೆ ಯಾರೊಂದಿಗೋ ಫೋನಿನಲ್ಲಿ ಮಾತಾಡಿ ಹೊರಗೆ ಬಂದಳು.

“ವಸಂತಪುರದಲ್ಲಿ ಒಬ್ರು ಹೋಗ್ಬಿಟ್ರಂತೆ. ನೆಂಟ್ರು ಬರೋದು ನಾಳೆಯಂತೆ. ನನ್ ಹತ್ರ ಪೆಟ್ಟಿಗೆ ಇದೆ ಅಂದೆ. ಇದನ್ನ ಓಡ್ಸೋಕೆ ನಂಗ್ ಬರಲ್ಲ. ನಿಂಗ್ ಬರತ್ತಲ್ವಾ?”

“ಬರತೈತ್ರಿ.”

“ಹಂಗಾದ್ರೆ ಏಳು. ದಿನಗೂಲಿ ಕೊಡ್ತೀನಿ. ಗಾಡಿ ಗೇಟಿಗೆ ಬರತ್ತೆ.”

ಸಿದ್ದಾರೂಢ ಎದ್ದ. ಚಕ್ರದ ಬ್ರೇಕ್ ಬಿಚ್ಚಿ, ಎರಡೂ ಕೈ ಕೊಟ್ಟು ಪೆಟ್ಟಿಗೆಯನ್ನು ಮೆಲ್ಲಗೆ ಗೇಟಿನ ಕಡೆ ನೂಕತೊಡಗಿದ. ಅಂಕಮ್ಮ ಹಿಂದಿನಿಂದ ಕೂಗಿದಳು.

“ನೋಡ್ಕೊಂಡ್ ತಳ್ಳಪ್ಪಾ! ನನ್ ಪೆಟ್ಟಿಗೆ ಗಾಜು ಒಡೆದ್ರೆ ನಿನ್ ಕೂಲೀಲಿ ಹಿಡ್ಕೋತೀನಿ.”