ದನದ ಡಾಕ್ಟರರ ಗಾಲ್ಫ್ ಕೋಲುಗಳು

ದನದ ಡಾಕ್ಟರರಿಗೆ ಗಾಲ್ಫ್ ಆಡಲು ಬರುವುದಿಲ್ಲ. ನರಗುಂದ, ರೋಣ, ಗಜೇಂದ್ರಗಡ ಮೂರೂ ಊರುಗಳಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಗಾಲ್ಫ್ ಎಂದರೇನೆಂದು ಗೊತ್ತಿಲ್ಲದವರಿಗೂ ಇದು ಗೊತ್ತಿತ್ತು.

ಆ ಡಾಕ್ಟರರು ನನ್ನ ಗಂಡ. ಈಗ ಅವರಿಲ್ಲ. ಇದ್ದಿದ್ದರೆ ಇದನ್ನು ಬರೆಯಬೇಡ ಎನ್ನುತ್ತಿರಲಿಲ್ಲ. ಕೋಲುಗಳ ವರ್ಣನೆ ಸಾಲದು ಎನ್ನುತ್ತಿದ್ದರು. ಅವರು ಯಾವ ಊರಿಗೆ ವರ್ಗವಾಗಿ ಹೋದರೂ ಗಾಲ್ಫಿನ ಒಂದು ಪ್ರಸಂಗ ನಮಗಿಂತ ಮೊದಲೇ ಅಲ್ಲಿಗೆ ಹೋಗಿ ಕಾಯುತ್ತಿತ್ತು.

ಶುರುವಾದದ್ದು ಬೆಳಗಾವಿಯ ಗುಜರಿ ಬಜಾರದಲ್ಲಿ. ಸೈಕಲ್ ಚೇನು, ಮುರಿದ ಹೊಲಿಗೆ ಯಂತ್ರಗಳ ನಡುವೆ ಒಂದು ಕಟ್ಟು ಗಾಲ್ಫ್ ಕೋಲು ಬಿದ್ದಿತ್ತು. ಈಗಿನ ಕೋಲುಗಳಿಗೆ ಉಕ್ಕಿನ ಹಿಡಿ. ಇವು ಅದಕ್ಕೂ ಹಿಂದಿನವು: ಕಟ್ಟಿಗೆಯ ಹಿಡಿ, ಕೆಳಗೆ ಕಬ್ಬಿಣದ ತಲೆ, ಮೇಲೆ ಚರ್ಮದ ಸುತ್ತು. ನನ್ನ ಗಂಡ ಅವನ್ನು ಎತ್ತಿನ ಹಲ್ಲು ನೋಡುವಂತೆ ಒಂದೊಂದಾಗಿ ನೋಡಿ, ಎಲ್ಲವನ್ನೂ ಎತ್ತಿಕೊಂಡರು. ಆಮೇಲೆ ಹುಬ್ಬಳ್ಳಿ, ಧಾರವಾಡದ ಗುಜರಿಗಳನ್ನೂ ಜಾಲಾಡಿದರು. ತಂದು ಗೋಡೆಗೆ ತೂಗುಹಾಕಿದ್ದರೆ ನನ್ನ ತಕರಾರೇನೂ ಇರಲಿಲ್ಲ.

"ತೂಗಹಾಕಿದ ಕೋಲು ಸತ್ತಂಗ. ಆಡಬೇಕು," ಎಂದರು.

ಅವರ ಆಸೆ ಒಂದೇ. ಆ ಹಳೆಯ ಕೋಲಿನಿಂದ ಒಂದು ಹೊಡೆತ ಸರಿಯಾಗಿ ಬೀಳಬೇಕು. ಅದನ್ನು ನಾನು ನೋಡಬೇಕು. ಬೇರೆ ಯಾರು ನೋಡಿದರೂ ಲೆಕ್ಕಕ್ಕಿಲ್ಲ.

"ನೀ ಒಪ್ಪಿದಿ ಅಂದ್ರ ಮುಗೀತು. ನೀ ಯಾವುದನ್ನೂ ಸುಮ್ನ ಒಪ್ಪಾಕಿ ಅಲ್ಲ," ಎನ್ನುತ್ತಿದ್ದರು.

ಇದು ನಿಜ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವಳು. ಕೊಳವೆಯಲ್ಲಿ ಬಣ್ಣ ಬದಲಾಗದಿದ್ದರೆ ಬದಲಾಯಿತು ಎಂದು ಬರೆಯುವ ರೂಢಿ ನನಗಿಲ್ಲ.

ಎರಿ ಹೊಲ

ಮೊದಲ ಆಟ ನರಗುಂದದಲ್ಲಿ. ಗುಡ್ಡದ ಕೆಳಗೆ ಪರಿಚಯದ ರೈತರೊಬ್ಬರ ಹೊಲ. ಕಡಲೆ ಕಿತ್ತು ಹೊಲ ಖಾಲಿಯಾಗಿತ್ತು. ಬೇಸಿಗೆ. ಎರಿ ಭೂಮಿಯ ಬೇಸಿಗೆ ಹೇಗಿರುತ್ತದೆಂದು ಈ ಕಡೆಯವರಿಗೆ ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ: ಕರಿ ನೆಲ ಬಾಯಿ ಬಿಟ್ಟಿರುತ್ತದೆ. ಬಿರುಕಿನಲ್ಲಿ ಮೊಣಕೈವರೆಗೆ ಕೈ ಇಳಿಯುತ್ತದೆ.

ರೈತರು ಬೇವಿನ ನೆರಳಿನಲ್ಲಿ ಕುಂತು ಕೇಳಿದರು, "ಆಟ ಹ್ಯಾಂಗ್ರಿ ಡಾಕ್ಟರ?"

"ದೂರದಿಂದ ಚೆಂಡು ಹೊಡಿಯೋದು. ಕಡೀಕ ಅದನ್ನ ಒಂದು ತೂತಿನ್ಯಾಗ ಹಾಕೋದು. ಕಡಿಮಿ ಹೊಡತದಾಗ ಹಾಕಿದವನು ಗೆದ್ದಂಗ."

"ಅಷ್ಟ ಏನ್ರಿ?"

"ಅಷ್ಟ. ಆದ್ರ ಭಾಳ ಕಠಿಣ."

ಹೊಡೆದರು. ಚೆಂಡು ಮೇಲೇಳಲೇ ಇಲ್ಲ. ನಾಲ್ಕು ಮಾರು ಉರುಳಿ, ಒಂದು ಬಿರುಕಿನ ಅಂಚಿನಲ್ಲಿ ನಿಂತು ಯೋಚಿಸಿ, ಒಳಗೆ ಇಳಿಯಿತು. ಕೆಳಗೆ ಎಲ್ಲೋ ಸಣ್ಣ ಸಪ್ಪಳವಾಯಿತು. ಇವರು ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ, ಹಸುವಿನ ಪರೀಕ್ಷೆಗೆ ಹಾಕುವಂತೆ ಭುಜದವರೆಗೆ ಕೈ ಹಾಕಿದರು. ಮಣ್ಣು ಬಂತು, ಒಂದು ಇರುವೆಗೂಡು ಬಂತು, ಚೆಂಡು ಬರಲಿಲ್ಲ.

ರೈತರು ಎದ್ದು ಬಂದು ಬಿರುಕಿನಲ್ಲಿ ಇಣುಕಿ ಹೇಳಿದರು, "ಒಂದ ಹೊಡತಕ್ಕ ತೂತಿನ್ಯಾಗ ಹೋತಲ್ರಿ. ಗೆದ್ರಿ ಬಿಡ್ರಿ. ಚಹಾ ಕುಡಿಯೋಣ ಬರ್ರಿ."

ಕಸ ತೆಗೆಯುವ ಕೋಲು

ಒಕ್ಕಲುತನದ ಸಾಮಾನನ್ನು ಯಾರಾದರೂ ಕೇಳಿದರೆ ಇಲ್ಲ ಎನ್ನಬಾರದು, ತೆಗೆದುಕೊಂಡು ಹೋದವರು ಅದನ್ನು ಮೊದಲಿಗಿಂತ ಚಲೋ ಮಾಡಿ ಹಿಂತಿರುಗಿಸಬೇಕು. ನಮ್ಮ ಕಡೆಯ ಈ ಪದ್ಧತಿ ಬಹಳ ಒಳ್ಳೆಯದು. ಗಾಲ್ಫ್ ಕೋಲು ಒಕ್ಕಲುತನದ ಸಾಮಾನಲ್ಲ ಎಂದು ಮಾತ್ರ ಯಾರಿಗೂ ಅನ್ನಿಸಲಿಲ್ಲ.

ಓಣಿಯಲ್ಲಿ ಕೂಲಿಗೆ ಹೋಗುವ ಹೆಣ್ಣುಮಗಳೊಬ್ಬಳಿದ್ದಳು. ಉಳ್ಳಾಗಡ್ಡಿ ಹೊಲದಲ್ಲಿ ದಿನವಿಡೀ ಕುಕ್ಕರಗಾಲಲ್ಲಿ ಕುಂತು ಕಸ ತೆಗೆದು ಸೊಂಟ ಹಿಡಿದಿತ್ತು. ನಮ್ಮ ಪಡಸಾಲೆಯಲ್ಲಿ ಒಂದು ಕೋಲನ್ನು ಕಂಡಳು. ಅದರ ತಲೆ ಅಗಲ, ತುಸು ಹಿಂದಕ್ಕೆ ವಾಲಿದ್ದು. ಕಳೆ ಕೀಳುವ ಕುರ್ಪಿಗೆ ಉದ್ದನೆಯ ಹಿಡಿ ಹಾಕಿದಂತೆ ಅವಳಿಗೆ ಕಂಡಿತು.

"ಅಣ್ಣಾರ, ನಿಂತ ಕಸ ತಗಿಯಾಕ ಬರತೈತಿ. ಎರಡ ದಿನ ಕೊಡ್ರಿ."

ಅದು ಅವರ ಸಂಗ್ರಹದಲ್ಲೇ ಅಪರೂಪದ್ದಂತೆ. ತಲೆಯ ಮೇಲೆ ಮಾಡಿದವನ ಮುದ್ರೆ, ಸಣ್ಣ ಸಣ್ಣ ಚುಕ್ಕೆಗಳ ಸಾಲು. ಇವರು ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ. ಕೊಟ್ಟರು.

ಹೇಳಿದಂತೆಯೇ ಹಿಂತಿರುಗಿಸಿದಳು. ತಲೆ ಬೆಳ್ಳಿಯಂತೆ ಹೊಳೆಯುತ್ತಿತ್ತು. ಮುದ್ರೆ ಇರಲಿಲ್ಲ. ಚುಕ್ಕೆಗಳೂ ಇರಲಿಲ್ಲ.

"ಮೊಂಡ ಆಗಿತ್ರಿ ಅಣ್ಣಾರ. ಕಂಬಾರನ ಕಡೆ ಬಡಿಸಿ, ಸಾಣಿ ಹಿಡಿಸೀನಿ. ಮನ್ಯಾಗ ಕೂಸು ಇದ್ದವರು ಬಂದ್ರ ಎತ್ತಿ ಇಡ್ರಿ."

ಇವರು "ಉಪಕಾರ ಆತವ್ವ" ಎಂದರು. ಮಾರನೇ ದಿನ ಅದರಿಂದಲೇ ಒಂದು ಚೆಂಡು ಹೊಡೆದು ನೋಡಿದರು. ಚೆಂಡು ಉಪ್ಪಿನಕಾಯಿಗೆ ಹೆಚ್ಚಿದ ಮಾವಿನಕಾಯಿಯಂತಾಯಿತು. ಕೋಲನ್ನು ಆ ಹೆಣ್ಣುಮಗಳಿಗೇ ಕೊಟ್ಟುಬಿಟ್ಟರು. ಆ ವರ್ಷ ನರಗುಂದದಲ್ಲಿ ಗಾಲ್ಫ್ ಕೋಲಿನಿಂದ ಏನಾದರೂ ಸಾಧಿಸಿದವರೆಂದರೆ ಅವಳೊಬ್ಬಳೇ.

ಮೆಣಸಗಿಯ ಎಮ್ಮೆ

ರೋಣಕ್ಕೆ ವರ್ಗವಾಯಿತು. ಮೆಣಸಗಿಯಿಂದ ಒಮ್ಮೆ ಬೆಳಿಗ್ಗೆ ಕರೆ ಬಂತು. ಎಮ್ಮೆ ಈಯಲು ತ್ರಾಸು ಪಡುತ್ತಿದೆ, ಲಗೂ ಬರಬೇಕು. ಇವರು ಬೈಕಿನ ಒಂದು ಬದಿಗೆ ಔಷಧಿ ಚೀಲ, ಇನ್ನೊಂದು ಬದಿಗೆ ಕೋಲುಗಳ ಉದ್ದ ಚೀಲ ಕಟ್ಟಿಕೊಂಡು ಹೋದರು. ಕೆಲಸ ಮುಗಿದ ಮೇಲೆ ಮಲಪ್ರಭೆಯ ಉಸುಕಿನಲ್ಲಿ ಅಭ್ಯಾಸ ಮಾಡುವ ವಿಚಾರ.

ಕೈ ತೊಳೆಯಲು ನೀರು ಕೇಳಿ ಇವರು ಹಿತ್ತಲಿಗೆ ಹೋದರು. ಅಷ್ಟರಲ್ಲಿ ಮನೆಯ ಯಜಮಾನ, ಡಾಕ್ಟರರಿಗೆ ಸಹಾಯವಾಗಲೆಂದು, ಉದ್ದ ಚೀಲ ಬಿಚ್ಚಿ ಕೋಲುಗಳನ್ನು ಗೋಣಿತಟ್ಟಿನ ಮೇಲೆ ಸಾಲಾಗಿ ಜೋಡಿಸಿದ. ಎಮ್ಮೆಯ ಮುಂದೆ. ಮನೆಮಂದಿ ಅವನ್ನು ನೋಡಿದರು, ಎಮ್ಮೆಯನ್ನು ನೋಡಿದರು. ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಇವರು ಬಂದಾಗ ಯಜಮಾನ ಕೈ ಮುಗಿದು ನಿಂತಿದ್ದ. "ಡಾಕ್ಟರ, ಎಮ್ಮಿ ಮೊದಲ ಬಡವಾಗೇತ್ರಿ. ಇದರಾಗಿನ ಸಣ್ಣದ ಹಾಕ್ರಿ."

ಕರು ಕೈಯಿಂದಲೇ ಹೊರಬಂತು. ಅಂದಿನಿಂದ ಆ ಮನೆಯವರಿಗೆ ಇವರ ಮೇಲೆ ಬಹಳ ಭಕ್ತಿ. ನದಿ ಹತ್ತಿರವಿದೆ ಎಂದು ಇವರು ಚೀಲವನ್ನು ಅವರ ಮನೆಯಲ್ಲೇ ಇಡತೊಡಗಿದರು. ರವಿವಾರ ಹೋಗಿ ಉಸುಕಿನಲ್ಲಿ ಹೊಡೆಯುವುದು, ಮಜ್ಜಿಗೆ ಕುಡಿದು ಬರುವುದು. "ಈಗ ಚೆಂಡು ಏಳಾಕ ಹತ್ತೇತಿ. ಮುಂದಿನ ವಾರ ನೀ ಬಾ," ಎಂದರು. ಮುಂದಿನ ವಾರ ನನಗೆ ಪೇಪರ್ ತಿದ್ದುವುದಿತ್ತು. ಅದರ ಮುಂದಿನ ವಾರ ಹೊಳೆಯೇ ಉಕ್ಕಿ ಊರೊಳಗೆ ಬಂತು.

ನೀರು ಇಳಿದ ಮೇಲೆ ಯಜಮಾನ ರೋಣಕ್ಕೆ ಬಂದ. ನಮ್ಮ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕುಂತ.

"ಎಮ್ಮಿ, ಕರ ಹೊಡಕೊಂಡ ಓಡಿದ್ನಿರಿ. ಅವ್ವನ್ನ ಹೊತ್ಕೊಂಡಿದ್ನಿ. ನಿಮ್ಮ ಚೀಲಕ್ಕ ಕೈ ಉಳೀಲಿಲ್ಲ."

"ಎಮ್ಮಿ ಹ್ಯಾಂಗೈತಿ?" ಎಂದು ಇವರು ಕೇಳಿದರು.

"ಚಲೋ ಐತ್ರಿ."

"ಕರ?"

"ಅದೂ ಚಲೋ ಐತ್ರಿ."

"ಮತ್ತ ಯಾಕ ಮಾರಿ ಸಣ್ಣ ಮಾಡ್ತಿ?"

ಯಜಮಾನ, "ನಮ್ಮ ಅವ್ವ ಈಗೂ ಅಂತಾಳ್ರಿ, ನನ್ನ ಬಿಟ್ಟು ಡಾಕ್ಟರ ಕೋಲು ತರಬೇಕಿತ್ತು ಅಂತ" ಎಂದ. ಇವರು ನಕ್ಕರು. ಅವನು ಹೋದ ಮೇಲೆ, ಮೊದಲು ಚೀಲ ಇಡುತ್ತಿದ್ದ ನಮ್ಮ ಪಡಸಾಲೆಯ ಮೂಲೆಯನ್ನು ತಾವೇ ಕಸಬರಿಗೆ ಹಿಡಿದು ಗುಡಿಸಿದರು. ಅಲ್ಲಿ ಕಸವೇನೂ ಇರಲಿಲ್ಲ.

ಅತ್ತೆಯ ಪಾಲು

ಒಂದೇ ಕೋಲು ಉಳಿಯಿತು. ಅದೂ ನಮ್ಮ ಅತ್ತೆ ಹಟದಿಂದ ಇಟ್ಟುಕೊಂಡದ್ದರಿಂದ. ಹಂಚಿನ ಮೇಲೆ ಮಂಗಗಳ ಕಾಟ. ಹಪ್ಪಳ ಒಣಹಾಕಿ ಆ ಕೋಲು ಹಿಡಿದು ಕೂಡುತ್ತಿದ್ದರು. ಇವರು ಕೇಳಿದಾಗಲೆಲ್ಲ "ಹಪ್ಪಳ ಮುಗೀಲಿ" ಎನ್ನುತ್ತಿದ್ದರು. ಹಪ್ಪಳ ಮುಗಿದರೆ ಸಂಡಿಗೆ. ಹೊಳೆಯ ಸುದ್ದಿ ಕೇಳಿದ ಮೇಲೆ ತಾವೇ ತಂದು ಮಗನ ಕೈಯಲ್ಲಿಟ್ಟರು. "ತಗೋಪಾ. ಇದಕ್ಕ ಮಂಗ್ಯಾನೂ ಹೆದರವಲ್ದು."

ಗಜೇಂದ್ರಗಡದ ಗುಡ್ಡ

ಕೊನೆಯ ಊರು ಗಜೇಂದ್ರಗಡ. ನಿವೃತ್ತಿ ಹತ್ತಿರ ಬಂದಿತ್ತು, ಬಲಭುಜ ಹಿಡಿದುಕೊಳ್ಳುತ್ತಿತ್ತು. ಗುಡ್ಡದ ಮೇಲೆ, ಗಾಳಿಗೆ ತಿರುಗುವ ದೊಡ್ಡ ಫ್ಯಾನುಗಳ ಕೆಳಗೆ, ಒಳ್ಳೆಯ ಬಯಲಿದೆ: ಗಟ್ಟಿ ಗರಸು ನೆಲ, ಗಿಡ್ಡ ಹುಲ್ಲು. ಬಿರುಕಿಲ್ಲ, ಹೊಳೆಯಿಲ್ಲ.

ಒಂದು ರವಿವಾರ ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿ ನೆಲದಲ್ಲಿ ನನ್ನ ಚಹಾಪುಡಿಯ ಸ್ಟೀಲ್ ಡಬ್ಬಿ ಹೂತಿತ್ತು. ತವರಿನವರು ಮದುವೆಯಲ್ಲಿ ಕೊಟ್ಟದ್ದು, ಹೊಟ್ಟೆಯ ಮೇಲೆ ನನ್ನ ಹೆಸರು ಕೊರೆಸಿದ್ದು. ವಾರದಿಂದ ಅದನ್ನು ಹುಡುಕುತ್ತಿದ್ದೆ.

"ಆ ತೂತಿಗೆ ಒಂದು ಅಳತಿ ಐತಿ. ಮನ್ಯಾಗ ಎಲ್ಲಾ ಡಬ್ಬಿ ಅಳದೆ. ಇದೊಂದ ಸರಿ ಕುಂತಿತು," ಎಂದರು.

"ಚಹಾಪುಡಿ ಎಲ್ಲೆ ಹಾಕೀರಿ?"

"ಜೀರಿಗಿ ಡಬ್ಬ್ಯಾಗ."

ಆ ವಾರದ ಚಹಾದ ರುಚಿಗೆ ಕಾರಣ ಆಗ ಗೊತ್ತಾಯಿತು. ಡಬ್ಬಿಯಲ್ಲಿ ಒಂದು ಜೋಳದ ದಂಟು ನಿಲ್ಲಿಸಿ, ನನ್ನದೇ ಕೆಂಪು ಕುಪ್ಪಸದ ಬಟ್ಟೆಯನ್ನು ನಿಶಾನೆಯಾಗಿ ಕಟ್ಟಿದ್ದರು. ಅಲ್ಲಿಂದ ಒಂದು ಹೊಲದಷ್ಟು ದೂರ ನಡೆದು ಬಂದೆವು. ಚೆಂಡೂ ಒಂದೇ ಉಳಿದಿತ್ತು. ಅಲ್ಲೇ ಮೇಕೆ ಮೇಯಿಸುತ್ತಿದ್ದ ಕುರಿಗಾರನೊಬ್ಬ ಬಂದು ನನ್ನ ಪಕ್ಕದಲ್ಲಿ ಕುಂತ.

"ಈಗ ನೋಡು," ಎಂದರು ಇವರು.

ನೋಡುತ್ತಲೇ ಇದ್ದೆ. ಅವರು ಕೋಲೆತ್ತಿದ ಗಳಿಗೆಯಲ್ಲಿ ಒಂದು ಕರಿ ಹೋತ ನನ್ನ ಹಿಂದಿನಿಂದ ಬಂದು ರೊಟ್ಟಿಯ ಗಂಟಿಗೆ ಬಾಯಿ ಹಾಕಿತು. ತಿರುಗಿದೆ. ಕುರಿಗಾರನೂ ತಿರುಗಿದ. ಬೆನ್ನ ಹಿಂದೆ ಟಕ್ ಎಂದಿತು.

"ನೋಡಿದೇನ?"

"ಏನ್ರೀ?"

ಬಿಸಿಲಿಗೆ ಅವರಿಗೂ ಚೆಂಡು ಕಂಡಿರಲಿಲ್ಲ. ಹುಡುಕಿದೆವು. ನಿಶಾನೆಯಾಚೆಯ ಕಂಟಿ, ಅದರಾಚೆಯ ಇಳಿಜಾರು, ಹಿಂದಿನ ಕಲ್ಲುಗುಂಡುಗಳು. ಕುರಿಗಾರ ತನ್ನ ಮೇಕೆಗಳ ಬಾಯಿ ಒಂದೊಂದಾಗಿ ಬಿಡಿಸಿ ನೋಡಿದ.

"ಈ ಹೋತ ಏನ ಸಿಕ್ಕರೂ ತಿಂತೈತ್ರಿ ಡಾಕ್ಟರ. ಮೊನ್ನೆ ನನ್ನ ಬೀಡಿ ಕಟ್ಟ ತಿಂತು."

"ಚೆಂಡು ಅದರ ಗಂಟಲದಾಗ ಇಳಿಯೂದಿಲ್ಲಪಾ."

"ರೊಟ್ಟಿ ಗಂಟು ಇಳೀತಲ್ರಿ."

ಇವರು ಮೊಣಕಾಲೂರಿ ಹೋತದ ಹೊಟ್ಟೆಯನ್ನು ಎರಡೂ ಕೈಯಿಂದ ಒತ್ತಿ ಪರೀಕ್ಷಿಸಿದರು, ಕಿವಿ ಹಚ್ಚಿ ಕೇಳಿದರು. ಸರ್ಕಾರಿ ಸೇವೆಯಲ್ಲಿದ್ದ ಡಾಕ್ಟರರು ಹೋತದ ಹೊಟ್ಟೆಯಲ್ಲಿ ಚೆಂಡು ಹುಡುಕುವುದನ್ನು ನಾನು ನೋಡುತ್ತ ನಿಂತೆ. ಕುರಿಗಾರ ಆತಂಕದಿಂದ ಕೇಳಿದ, "ಗಂಡೋ ಹೆಣ್ಣೋ, ಡಾಕ್ಟರ?"

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಆಮೇಲೆ ಕೋಲನ್ನು ಅಡ್ಡ ಇಟ್ಟುಕೊಂಡು ಕಲ್ಲಿನ ಮೇಲೆ ಕುಂತರು.

"ಹೊಡತ ಕೈಗೆ ಚಲೋ ಹತ್ತಿತ್ತು," ಎಂದರು. "ಕೈಗೆ ಹಂಗನಸಿತ್ತು. ಆತು ಬಿಡು. ನನಗ ಬರೂದಿಲ್ಲ. ಮಂದಿ ಅಂದದ್ದು ಖರೇ."

ಜಾಲಿ ಟೊಂಗೆ ಬಾಗಿಸಲು ಚಲೋ ಆಗುತ್ತದೆಂದು ಕೋಲನ್ನು ಕುರಿಗಾರನಿಗೆ ಕೊಟ್ಟರು. ಗುಡ್ಡ ಇಳಿದೆವು. ಡಬ್ಬಿ ಅಲ್ಲೇ ಉಳಿಯಿತು. ತಂದುಕೊಡಿ ಎಂದು ಎಷ್ಟು ಸಲ ಹೇಳಿದರೂ, "ಬ್ಯಾರೆ ಕೊಡಸ್ತೀನಿ. ಆ ಗುಡ್ಡಕ್ಕ ಮತ್ತ ಕಳಸಬ್ಯಾಡ," ಎನ್ನುತ್ತಿದ್ದರು. ನಿವೃತ್ತಿಯ ನಂತರ ಬಹಳ ದಿನ ಇರಲಿಲ್ಲ.

ಅವರ ವರ್ಷದ ಕಾರ್ಯ ಮುಗಿದ ಮೇಲೆ ಒಂದು ದಿನ ಕುರಿಗಾರ ಮನೆಗೆ ಬಂದ. ಹೆಗಲ ಮೇಲೆ ಅದೇ ಕೋಲು, ಅರ್ಧಕ್ಕೆ ಕೊಯ್ದು ಗಿಡ್ಡ ಮಾಡಿದ್ದು. ಕೈಯಲ್ಲಿ ಡಬ್ಬಿ.

"ಮರಿ ಕಾಲ ಇದರಾಗ ಸಿಗಬಿತ್ತರಿ ಅಕ್ಕಾರ. ಅಗದ ತಗದ್ನಿ. ಸಾಲಿ ಹುಡುಗ್ರು ನಿಮ್ಮ ಹೆಸರ ಓದಿ ಹೇಳಿದ್ರು. ಒಳಗ ಅರ್ಧಕ್ಕ ಮಣ್ಣ ಕುಂತೈತಿ, ತೊಳಕೋರಿ."

ಎರಡು ಮಳೆಗಾಲದ ಮಣ್ಣು, ಇಟ್ಟಂಗಿಯಾಗಿತ್ತು. ರಾತ್ರಿಯಿಡೀ ಬಕೀಟಿನಲ್ಲಿ ನೆನೆಯಲು ಬಿಟ್ಟು, ಬೆಳಿಗ್ಗೆ ಬಚ್ಚಲಲ್ಲಿ ಬೋರಲು ಹಾಕಿ ಬುಡಕ್ಕೆ ಬಡಿದೆ. ಮಣ್ಣು ಒಂದೇ ಗಟ್ಟಿಯಾಗಿ ಜಾರಿತು. ಅದರ ತಳದಲ್ಲಿ ಚೆಂಡಿತ್ತು.