ಮಾವನ ಮೂರು ಪ್ರಶ್ನೆ ಮತ್ತು ಒಂದು ಕೋಳಿ

ನಮ್ಮ ಸೋದರಮಾವ ಹಡಗು ಹತ್ತಿದವರಲ್ಲ. ಹಡಗಿರಲಿ, ಹೊಸಕೋಟೆ ಕೆರೆಯಲ್ಲಿ ತೆಪ್ಪ ಕೂಡ ಹತ್ತಿದವರಲ್ಲ. ಆದರೆ ನೂರು ವರ್ಷದ ಹಿಂದೆ ಇಟಲಿಯಿಂದ ಅಮೆರಿಕಕ್ಕೆ ಹೊರಟ ಹಡಗಿನ ಕೆಳ ಅಂತಸ್ತಿನಲ್ಲಿ ಹೊಟ್ಟೆ ತೊಳಸಿದರೆ ಏನು ಮಾಡಬೇಕು ಎಂಬುದು ಇಡೀ ಹೊಸಕೋಟೆ ತಾಲ್ಲೂಕಿನಲ್ಲಿ ಗೊತ್ತಿರುವುದು ಅವರೊಬ್ಬರಿಗೇ! (ನಿಂಬೆಹಣ್ಣು ಮೂಸಬೇಕಂತೆ. ನಿಂಬೆಹಣ್ಣು ಇಲ್ಲದಿದ್ದರೆ ಪಕ್ಕದವರ ಮೇಲೆ ಬೀಳದ ಹಾಗೆ ತಿರುಗಿ ಮಲಗಬೇಕಂತೆ.)

ನಾನು ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ಉತ್ಪ್ರೇಕ್ಷೆ ಕತ್ತರಿಸುವ ಕೆಲಸದವನು. ಯಾರು ಏನು ಹೇಳಿದರೂ ಅರ್ಧ ಹೊಡೆದುಹಾಕಿಯೇ ಕೇಳುವುದು ನನ್ನ ಅಭ್ಯಾಸ. ಮಾವನ ವಿಷಯದಲ್ಲಿ ತೊಂದರೆ ಏನೆಂದರೆ, ಅರ್ಧ ಹೊಡೆದ ಮೇಲೆ ಉಳಿಯುವುದನ್ನೂ ಯಾರೂ ನಂಬುವುದಿಲ್ಲ. ಆದರೂ ದಾಖಲೆ ಇರಲಿ ಎಂದು ಬರೆಯುತ್ತಿದ್ದೇನೆ.

ಮಾವ ಸಮೇತನಹಳ್ಳಿ ಕಡೆಯ ಒಂದು ಹಾಲಿನ ಡೈರಿಯಲ್ಲಿ ಕಾರ್ಯದರ್ಶಿಯಾಗಿದ್ದವರು. ಯಾರು ಕ್ಯಾನು ತಂದರೂ ಅದರೊಳಕ್ಕೆ ಲ್ಯಾಕ್ಟೋಮೀಟರ್ ಇಳಿಬಿಟ್ಟು, ನೀರೆಷ್ಟು ಹಾಲೆಷ್ಟು ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದವರು. ನಿವೃತ್ತಿಯಾಗಿ ಹೊಸಕೋಟೆಯಲ್ಲಿ ಮನೆ ಮಾಡಿದ ಮೇಲೆ ಅದ್ದುವುದಕ್ಕೆ ಏನೂ ಸಿಗದೆ ಚಡಪಡಿಸಿದರು. ಅಷ್ಟರಲ್ಲಿ ಅವರ ಮಗಳು ಒಂದು ಅಚಾತುರ್ಯ ಮಾಡಿದಳು. ಅವಳು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತಾಳೆ. ವಲಸೆಯ ಪಾಠಕ್ಕೆಂದು ಯಾವುದೋ ವಿದೇಶಿ ಜಾಲತಾಣ ತೆರೆದು, ಫೋನನ್ನು ಅಪ್ಪನ ಕೈಗೆ ಕೊಟ್ಟು ಸ್ನಾನಕ್ಕೆ ಹೋದಳು. ಬರುವ ಹೊತ್ತಿಗೆ ಅಪ್ಪ ನ್ಯೂಯಾರ್ಕ್ ಬಂದರಿನಲ್ಲಿದ್ದರು!

ಆ ಜಾಲತಾಣವೊಂದು ಕಥೆಗಳ ಕಣಜ. ದೇಶ ಬಿಟ್ಟು ದೇಶಕ್ಕೆ ಹೋದವರು ಮುದುಕರಾದ ಮೇಲೆ ತಮ್ಮ ಬಾಯಲ್ಲೇ ಹೇಳಿದ ಅನುಭವಗಳು ಅಲ್ಲಿವೆ. ಫೋನಿಗೆ ಹೇಳಿದರೆ ಅದು ಎಲ್ಲವನ್ನೂ ಕನ್ನಡ ಮಾಡಿ ಓದುತ್ತದೆ. ಪೋಲೆಂಡಿನ ಅಜ್ಜಿಗೂ, ಚೀನಾದಿಂದ ಬಂದು ಬಟ್ಟೆ ಒಗೆದವನಿಗೂ, ಐರ್ಲೆಂಡಿನ ಹುಡುಗಿಗೂ ಅದೇ ಒಂದು ಹೆಣ್ಣುಗಂಟಲು. ರೈಲು ಮೂರನೇ ಪ್ಲಾಟ್‌ಫಾರಂಗೆ ಬರುತ್ತಿದೆ ಎನ್ನುತ್ತದಲ್ಲ, ಆ ಗಂಟಲು! ‘ನನ್ನ ಪೆಟ್ಟಿಗೆ ಕಳೆದುಹೋಯಿತು, ಅದರಲ್ಲಿ ನನ್ನ ತಾಯಿಯ ಶಾಲು ಇತ್ತು’ ಎಂದು ಅದು ಏರಿಳಿತವೇ ಇಲ್ಲದೆ ಹೇಳುತ್ತದೆ. ಏರಿಳಿತವನ್ನು ಮಾವ ಒದಗಿಸುತ್ತಾರೆ. ಮುದ್ದೆ ಮುರಿಯುತ್ತಾ ಗೊಳೋ ಎಂದು ಅಳುತ್ತಾರೆ.

“ರೀ, ಅದ್ಯಾವಳೋ ಐರ್ಲೆಂಡಿನೋಳ ಪೆಟ್ಟಿಗೆ ಕಳೆದದ್ದಕ್ಕೆ ಅಳ್ತೀರಲ್ಲ, ನಮ್ಮ ಮನೆ ಸಿಲಿಂಡರ್ ಖಾಲಿಯಾಗಿದೆ, ಅದಕ್ಕೂ ಒಂದೆರಡು ಹನಿ ಹಾಕಿ!” ಎಂದರು ಅತ್ತೆ, ಅಂದರೆ ಮಾವನ ಹೆಂಡತಿ.

ಅಳುವುದೊಂದೇ ಆಗಿದ್ದರೆ ಮನೆಯೊಳಗೇ ಮುಗಿಯುತ್ತಿತ್ತು. ಆ ಜಾಲತಾಣದಲ್ಲಿ ಎಲ್ಲರಿಗೂ ಮೂರು ಪ್ರಶ್ನೆ ಕೇಳಿದ್ದರು. ಬರುವಾಗ ಏನು ತಂದಿರಿ? ಬಿಟ್ಟುಬಂದದ್ದರಲ್ಲಿ ಯಾವುದು ನೆನಪಾಗುತ್ತದೆ? ಈ ಊರು ನನ್ನದು ಎಂದು ಯಾವತ್ತು ಅನ್ನಿಸಿತು? ಮಾವನಿಗೆ ಕಳೆದುಹೋದ ಲ್ಯಾಕ್ಟೋಮೀಟರ್ ಸಿಕ್ಕಿದಂತಾಯಿತು. ಕಂಡಕಂಡವರೊಳಗೆ ಅದ್ದತೊಡಗಿದರು.

ಮೊದಲ ಬಲಿ, ಅವರ ವಠಾರದ ಬಾಡಿಗೆದಾರ. ಒಡಿಶಾದಿಂದ ಬಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವನು, ಕನ್ನಡ ಚೆನ್ನಾಗಿ ಕಲಿತಿದ್ದ. ಮಾವ ಫೋನಿನ ರೆಕಾರ್ಡರ್ ಒತ್ತಿ ಗಂಭೀರವಾಗಿ ಕೇಳಿದರು: “ಊರು ಬಿಟ್ಟು ಬರೋವಾಗ ಏನಪ್ಪಾ ತಂದೆ?”

“ಚಾರ್ಜರ್, ಅಂಕಲ್.”

“ಅದಲ್ಲಪ್ಪಾ. ಊರಿನ ಮಣ್ಣು? ಅಜ್ಜಿ ಶಾಲು?”

“ಇಲ್ಲ ಅಂಕಲ್. ಚಾರ್ಜರ್.”

“ಹೋಗಲಿ, ಈಗ ಯಾವುದನ್ನ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ?”

“ಚಾರ್ಜರೇ ಅಂಕಲ್. ಟ್ರೈನಲ್ಲಿ ಯಾರೋ ಹೊಡೆದ್ಬಿಟ್ರು.”

ಐರ್ಲೆಂಡಿನ ಪೆಟ್ಟಿಗೆಗೆ ಅತ್ತಿದ್ದ ಮಾವ ಈ ಚಾರ್ಜರಿಗೆ ಅಳಲಿಲ್ಲ. ಆದರೆ ಸಂಜೆ ಅಂಗಡಿಗೆ ಹೋಗಿ ಒಂದು ಹೊಸ ಚಾರ್ಜರ್ ತಂದುಕೊಟ್ಟರು. ವಾರದೊಳಗೆ ಇಡೀ ವಠಾರದವರು ಬಂದು, ತಮ್ಮದೂ ಟ್ರೈನಲ್ಲಿ ಏನೇನು ಕಳೆಯಿತು ಎಂದು ಹೇಳತೊಡಗಿದರು! ಒಬ್ಬನಂತೂ ಮಿಕ್ಸಿ ಎಂದ.

ಆಮೇಲೆ ಬಸ್ಸು. ಕೆ.ಆರ್. ಪುರಕ್ಕೆ ಟಿಕೆಟ್ ತೆಗೆದುಕೊಂಡವರು ಕಂಡಕ್ಟರನ ಮಾತಿನ ಧಾಟಿ ಕೇಳಿ ‘ಎಲ್ಲಿಂದ ಬಂದಿದ್ದು?’ ಎಂದರು. ಅವನು ಬಿಜಾಪುರದವನು. “ನಾ ಎಲ್ಲಿಂದಾರ ಬರ್ಲಿ, ನೀವು ಎಲ್ಲಿಗ್ ಹೊಂಟೀರಿ ಹೇಳ್ರಿ!” ಎಂದು ಮೊದಲು ಗದರಿದವನು, ಎರಡನೇ ಪ್ರಶ್ನೆಗೆ ಬರುವಾಗ ಸೀಟಿನ ಕಂಬಿಗೆ ಒರಗಿ ತನ್ನ ಅವ್ವ ರೊಟ್ಟಿ ಬಡಿಯುವ ಸದ್ದನ್ನು ಬಾಯಲ್ಲಿ ಮಾಡಿ ತೋರಿಸುತ್ತಿದ್ದನಂತೆ. ಕೆ.ಆರ್. ಪುರ ಬಂತು, ಹೋಯಿತು. ಮಾವ ಮೆಜೆಸ್ಟಿಕ್ಕಿನವರೆಗೂ ಹೋಗಿ, ಅದೇ ಬಸ್ಸಿನಲ್ಲಿ ಹೊಸಕೋಟೆಗೆ ವಾಪಸ್ ಬಂದರು. ಕೆ.ಆರ್. ಪುರದಲ್ಲಿ ಏನು ಕೆಲಸವಿತ್ತು ಎಂಬುದು ಇವತ್ತಿಗೂ ತಿಳಿದಿಲ್ಲ.

“ಮಾವ, ಊರಿನವರನ್ನೆಲ್ಲಾ ವಲಸಿಗರು ಅಂತೀರಲ್ಲ, ನೀವು?” ಎಂದು ನಾನು ಒಮ್ಮೆ ಕೆಣಕಿದೆ.

“ಲೇ, ನಾವೂನೂ ಅಷ್ಟೇ ಕಣೋ! ಮನೆದೇವರು ಎಲ್ಲಿದೆ? ಪೆನುಕೊಂಡದ ಆಚೆ. ಮುಡಿ ಕೊಡೋಕೆ ಅಲ್ಲಿಗೆ ಯಾಕೆ ಹೋಗ್ತೀವಿ? ಅಲ್ಲಿಂದ ಬಂದೋರು ಅದಕ್ಕೆ. ದೇವರು ಅಲ್ಲೇ ಉಳಿದ್ಬಿಟ್ಟ, ನಾವು ಬಂದ್ಬಿಟ್ವಿ.”

“ಹಾಗಾದ್ರೆ ಬುದ್ಧಿ ಇದ್ದದ್ದು ದೇವರೊಬ್ಬನಿಗೇ ಅನ್ನಿ,” ಎಂದು ಒಳಗಿನಿಂದ ಅತ್ತೆಯ ದನಿ ಬಂತು.

ಇಷ್ಟರವರೆಗೆ ಎಲ್ಲವೂ ತಮಾಷೆ. ಆದರೆ ಮಗಳ ಮದುವೆಯ ಮಾತು ಬಂತು ನೋಡಿ, ಮನೆಯಲ್ಲಿ ಯಾರೂ ನಗಲಿಲ್ಲ. ಹಿಂದೆ ಬಂದಿದ್ದ ಒಂದು ಸಂಬಂಧವನ್ನು ಮಾವ ಆಗಲೇ ಕೆಡಿಸಿದ್ದರು. ಬಂದಿದ್ದ ಹುಡುಗನ ಅಜ್ಜನನ್ನು ಕೂರಿಸಿಕೊಂಡು ‘ನಿಮ್ಮ ಹಿರಿಯರು ಯಾಕೆ ಊರು ಬಿಟ್ಟು ಓಡಿಬಂದ್ರು?’ ಎಂದು ಕೇಳಿದ್ದರು. ಓಡಿಬಂದರೇ? ಅಜ್ಜ ಕೋಲು ಊರಿಕೊಂಡು ಎದ್ದವರು ಕಾಫಿಗೂ ಕಾಯಲಿಲ್ಲ. ಆಗ ಮಗಳಿಗೇನೂ ಬೇಸರವಾಗಿರಲಿಲ್ಲ. ಈ ಸಲದ ಕಥೆ ಬೇರೆ. ಹುಡುಗ ತ್ಯಾಮಗೊಂಡ್ಲಿನವನು, ಅವನೂ ಮೇಷ್ಟ್ರು. ತರಬೇತಿಯೊಂದರಲ್ಲಿ ಪರಿಚಯವಾಗಿ, ಇಬ್ಬರೂ ಒಪ್ಪಿ, ಆಮೇಲಷ್ಟೇ ಮನೆಯವರಿಗೆ ತಿಳಿಸಿದ್ದರು. ಇನ್ನು ದೊಡ್ಡವರು ಬಂದು ಶಾಸ್ತ್ರಕ್ಕೆ ಹೆಣ್ಣು ನೋಡುವುದೊಂದು ಬಾಕಿ.

ಹಿಂದಿನ ದಿನ ಅವಳು ಅಪ್ಪನ ಮುಂದೆ ಕೂತಳು.

“ಅಪ್ಪಾ, ನಾಳೆ ನೀನು ಹಡಗು ಅನ್ನಬಾರದು. ಬಂದರು ಅನ್ನಬಾರದು. ಆ ಮೂರು ಪ್ರಶ್ನೆ ಕೇಳಲೇಬಾರದು. ಈ ಸಂಬಂಧ ತಪ್ಪಿಹೋದ್ರೆ ನನಗೆ ಇನ್ನೊಂದು ಬೇಡ.”

“ಆಣೆ ಕಣಮ್ಮ,” ಎಂದರು ಮಾವ, ಅವಳ ತಲೆಯ ಮೇಲೆ ಕೈಯಿಟ್ಟು. ಅತ್ತೆ ಮುನ್ನೆಚ್ಚರಿಕೆಯಾಗಿ ಅವರ ಫೋನನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟರು.

ಮಾರನೇ ದಿನ ತ್ಯಾಮಗೊಂಡ್ಲಿನವರು ಬಂದರು. ಹುಡುಗ, ಅವನ ತಂದೆ, ತಾಯಿ, ಒಬ್ಬರು ದೊಡ್ಡಮ್ಮ. ಉಪ್ಪಿಟ್ಟು ಕೇಸರಿಬಾತು ಮುಗಿಯುವವರೆಗೆ ಮಾವ ಬಾಯಿ ಬಿಟ್ಟಿದ್ದು ತಿನ್ನುವುದಕ್ಕೆ ಮಾತ್ರ. ನಾನು ಅವರ ಪಕ್ಕದಲ್ಲೇ ಕಾವಲು ಕೂತಿದ್ದೆ. ಆಗ ಆ ದೊಡ್ಡಮ್ಮ, ಹಳೇ ಕಾಲದವರು, ಕೆಟ್ಟ ಮನಸ್ಸಿನವರಲ್ಲ, “ಎಲ್ಲಿ, ಆ ಬಾಗಿಲವರೆಗೆ ಒಂದ್ಸಲ ನಡೆದು ಬಾರಮ್ಮ ನೋಡಾಣ,” ಎಂದರು. ಹುಡುಗ ತಲೆ ತಗ್ಗಿಸಿದ. ಹುಡುಗಿ ನಡೆದಳು. “ಕನ್ನಡಕ ತೆಗಿಯಮ್ಮ, ಕಣ್ಣು ನೋಡಾಣ,” ಎಂದರು ದೊಡ್ಡಮ್ಮ. ಅವಳು ತೆಗೆದು ಕೈಯಲ್ಲಿ ಹಿಡಿದಳು.

ಮಾವ ದಡಕ್ಕನೆ ಎದ್ದರು. ನಾನು ಹಿಡಿದಿದ್ದು ಅವರ ಪಂಚೆಯ ತುದಿ ಮಾತ್ರ.

“ಇದೇ! ಥೇಟ್ ಇದೇ! ಹಡಗು ಇಳಿದೋರನ್ನ ಬಂದರಲ್ಲಿ ಹಿಂಗೇ ನಡೆಸೋರು! ಹಿಂಗೇ ಕಣ್ಣು ರೆಪ್ಪೆ ಎತ್ತಿ ನೋಡೋರು! ಸರಿ ಇಲ್ಲ ಅಂದ್ರೆ ಬೆನ್ನ ಮೇಲೆ ಸೀಮೆಸುಣ್ಣದಲ್ಲಿ ಗೀಚಿ ವಾಪಸ್ ಕಳಿಸೋರು! ಸೀಮೆಸುಣ್ಣ ತಂದಿದ್ದೀರೇನಮ್ಮ?”

ದೊಡ್ಡಮ್ಮನ ಬಾಯಲ್ಲಿದ್ದ ಎಲೆ ಅಡಿಕೆ ಅಲ್ಲೇ ನಿಂತಿತು. ಮಗಳು ಕಣ್ಣು ಮುಚ್ಚಿಕೊಂಡಳು. ಆಣೆ ಮುರಿದಿದ್ದಾಗಿದೆ, ಇನ್ನೇನು ಉಳಿಯಿತು ಎಂದುಕೊಂಡರೋ ಏನೋ, ಮಾವ ನೇರವಾಗಿ ಹುಡುಗನ ತಾಯಿಯ ಕಡೆ ತಿರುಗಿ ಕೈಮುಗಿದರು.

“ನೀವು ಹೇಳಿ ತಾಯಿ. ನೀವು ಬರೋವಾಗ ಏನು ತಂದ್ರಿ?”

“ಅವಳೆಲ್ಲಿ ಬಂದೋಳು ಸ್ವಾಮಿ? ನಮ್ಮದು ತ್ಯಾಮಗೊಂಡ್ಲು, ಸ್ವಂತ ತೋಟ,” ಎಂದರು ಹುಡುಗನ ತಂದೆ ಸಿಟ್ಟಿನಿಂದ.

“ತೋಟ ನಿಮ್ಮದು. ನಾನು ಹೊಸೂರು ಕಡೆಯಿಂದ ಬಂದೋಳು, ಮನೆಮಾತು ತೆಲುಗು,” ಎಂದರು ಆಕೆ. ಬಂದಾಗಿನಿಂದ ಅವರು ಆಡಿದ ಮೊದಲ ಮಾತು ಅದು. ಸೆರಗು ಸರಿಮಾಡಿಕೊಂಡರು. ಆಮೇಲೆ, “ಒಂದು ಕೋಳಿ ತಂದಿದ್ದೆ,” ಎಂದರು.

“ಕೋಳೀನಾ?”

“ಹ್ಞೂಂ. ನಮ್ಮಮ್ಮ ಕೊಟ್ಟಿದ್ಲು. ಹೊಸ ಮನೆಗೆ ಬಂದ ಕೋಳೀನ ಹೊರಗೆ ಬಿಡಲ್ವಲ್ಲ, ಬಿದಿರು ಮಂಕರಿ ಕೆಳಗೆ ಮುಚ್ಚಿ, ಕಾಳು ನೀರು ಇಟ್ಟು, ಎರಡು ಮೂರು ದಿನ ಹಂಗೇ ಬಿಡ್ತಾರೆ, ಮನೆ ರೂಢಿ ಆಗ್ಲಿ ಅಂತ. ಅದಕ್ಕೂ ಹಂಗೇ ಮಾಡಿದ್ರು. ನನ್ನನ್ನ ಮಾರನೇ ಬೆಳಿಗ್ಗೇನೇ ಒಲೆ ಮುಂದೆ ಕೂರಿಸಿದ್ರು. ಆ ಊರಲ್ಲಿ ನನ್ನ ಭಾಷೆ ಬರ್ತಿದ್ದದ್ದು ಆ ಕೋಳಿಗೆ ಒಂದೇ. ಮಂಕರಿ ಹತ್ರ ಕೂತು ತೆಲುಗಲ್ಲಿ ಮಾತಾಡ್ಕೊಳ್ತಿದ್ದೆ.”

“ಆಮೇಲೆ?” ಎಂದರು ಮಾವ.

“ಆಮೇಲೆ ನೆಂಟರು ಬಂದ್ರು. ಸಾರು ಮಾಡಿದ್ದು ನಾನೇ.”

ಹುಡುಗನ ತಂದೆ ಮೆಲ್ಲಗೆ, “ಸಾರು ಚೆನ್ನಾಗಿದೆ ಅಂತ ಅವತ್ತು ಹೇಳಿದ್ನಲ್ಲೇ,” ಎಂದರು.

“ಹೇಳಿದ್ರಿ. ಕಣ್ಣಲ್ಲಿ ನೀರು ಬಂದಿದ್ದು ಈರುಳ್ಳಿಗೆ ಅಂದ್ಕೊಂಡ್ರಿ.”

ಮೊದಲು ಕಣ್ಣೊರೆಸಿಕೊಂಡವರು ಆ ದೊಡ್ಡಮ್ಮ. ಅವರೂ ಎಲ್ಲಿಂದಲೋ ಬಂದವರೇ ತಾನೆ? ಯಾರೂ ಕೇಳದಿದ್ದರೂ, “ನಾನು ಒಂದು ಕರು ತಂದಿದ್ದೆ,” ಎಂದು ಶುರುಮಾಡಿದರು. ಒಳಗಿನಿಂದ ಅತ್ತೆ ಬಂದರು, ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, “ನಾನೇನು ತಂದೆ ಅಂತ ಈ ಮನುಷ್ಯ ಇವತ್ತಿನವರೆಗೆ ಕೇಳಿಲ್ಲ ನೋಡಿ,” ಎಂದು ಅವರ ಜೊತೆ ಕೂತರು. ಗಂಡಸರು ನಾವು ನಾಲ್ವರೂ ಖಾಲಿ ತಟ್ಟೆಗಳನ್ನೇ ನೋಡುತ್ತಾ ಕೂತೆವು. ಹೊರಡುವಾಗ ಹುಡುಗನ ತಾಯಿ ಹುಡುಗಿಯ ಕನ್ನಡಕವನ್ನು ತಾವೇ ಅವಳ ಮೂಗಿನ ಮೇಲೆ ಏರಿಸಿ, “ನಮ್ಮನೆಗೆ ಬಾ. ರೂಢಿ ಆಗೋವರೆಗೂ ನಿನ್ನನ್ನ ಯಾರೂ ಒಲೆ ಹತ್ರ ಕರೆಯಲ್ಲ,” ಎಂದರು.

ಮದುವೆ ಹೊಸಕೋಟೆಯ ಒಂದು ಛತ್ರದಲ್ಲಿ ಚೆನ್ನಾಗಿಯೇ ನಡೆಯಿತು. ಹೆಣ್ಣು ಒಪ್ಪಿಸಿಕೊಡುವ ಹೊತ್ತಿಗೆ ಹೆಣ್ಣಿನ ಅಪ್ಪನೇ ನಾಪತ್ತೆ! ಪುರೋಹಿತರು ಕೂಗಿದರು, ವಾಲಗದವರು ಎರಡು ಸಲ ಅದೇ ರಾಗ ಊದಿದರು. ಕಡೆಗೆ ಮಾವ ರೇಷ್ಮೆ ಪಂಚೆ ಎತ್ತಿ ಕಟ್ಟಿಕೊಂಡು, ಕಂಕುಳಲ್ಲಿ ಒಂದು ಕೆಂಚು ಕೋಳಿ ಹಿಡಿದುಕೊಂಡು ಬಂದರು. ಛತ್ರದೊಳಗೆ ಕೋಳಿ! ಪುರೋಹಿತರು ಹಿಂದೆ ಸರಿದರು, ಫೋಟೋದವನು ಮುಂದೆ ಬಂದ. ಮಾವ ಕೋಳಿಯನ್ನು ಹುಡುಗನ ತಾಯಿಯ ಕೈಗಿಟ್ಟು, “ಇದು ನಿಮ್ಮದು. ಸಾರು ಮಾಡಕೂಡದು,” ಎಂದರು. ಆಕೆ ಅದನ್ನು ಎದೆಗೊತ್ತಿಕೊಂಡು ಅದಕ್ಕೆ ತೆಲುಗಿನಲ್ಲಿ ಏನೋ ಹೇಳಿದರು.

ಮಗಳು ಮಡಿಲಕ್ಕಿ ಕಟ್ಟಿಕೊಂಡು ಕಾರು ಹತ್ತಿದಳು. ಮಾವ ಫೋನಿನ ರೆಕಾರ್ಡರ್ ಒತ್ತಿ ಕಿಟಕಿಯ ಹತ್ತಿರ ಹಿಡಿದು ನಿಂತರು.

ಆ ಧ್ವನಿಮುದ್ರಿಕೆಯನ್ನು ಆಮೇಲೆ ಅವರೇ ನನಗೆ ಕೇಳಿಸಿದರು. ಜಾಲತಾಣದ ಮುದುಕರನ್ನೆಲ್ಲಾ ಬಿಟ್ಟು ಈಗ ಅವರು ಕೇಳುವುದು ಅದೊಂದನ್ನೇ. ಅದರಲ್ಲಿ ವಾಲಗವಿದೆ, ಯಾರೋ ಬೀಗದ ಕೈ ಕೇಳುತ್ತಿದ್ದಾರೆ, ಕೋಳಿ ಕೊಕ್ಕೊಕ್ ಎನ್ನುತ್ತಿದೆ. ಮಾವನ ಪ್ರಶ್ನೆ ಮಾತ್ರ ಎಲ್ಲೂ ಇಲ್ಲ. ಹೊಸಕೋಟೆಗೆಲ್ಲಾ ಕೇಳಿದ್ದನ್ನು ಅವತ್ತು ಮಗಳಿಗೆ ಕೇಳಲಿಲ್ಲ. ಕಾರು ಹೊರಡುವ ಸದ್ದಿಗೆ ಸ್ವಲ್ಪ ಮೊದಲು ಮಗಳ ದನಿಯೊಂದು ಕೇಳುತ್ತದೆ.

“ಕೇಳಪ್ಪಾ. ಆಣೆ ಗೀಣೆ ಎಲ್ಲಾ ಬಿಟ್ಟುಬಿಡು. ಕೇಳು, ನಾನು ಹೇಳ್ತೀನಿ.”